ಬ್ಯಾಂಕ್ ಹರಾಜಿನ ಮನೆ ಅಗ್ಗಕ್ಕೆ ಸಿಗುವುದು ಯಾಕೆ?

ಮುಂಬೈಯ ಯಾವುದಾದರೂ ಮರಾಠಿ ಪೇಪರಿನ ಒಳಪುಟ ತೆರೆದು ನೋಡಿ. ಸಣ್ಣ ಅಕ್ಷರದ ಚೌಕಟ್ಟುಗಳು ಸಾಲಾಗಿ ಕೂತಿರುತ್ತವೆ. ಮೇಲೆ ‘ತಾಬಾ ಸೂಚನಾ’ ಎಂದು ಇರುತ್ತದೆ. ಅಂದರೆ ಸ್ವಾಧೀನದ ನೋಟಿಸು. ಸಾಲಗಾರನ ಹೆಸರು, ಜಾಮೀನು ನಿಂತವರ ಹೆಸರು, ಫ್ಲ್ಯಾಟ್ ನಂಬರು, ವಿಂಗು, ಮಹಡಿ, ಬಾಕಿ ಮೊತ್ತ ಎಲ್ಲವೂ ಅಲ್ಲಿರುತ್ತದೆ. ಅದರ ಪಕ್ಕದಲ್ಲೇ ಹರಾಜಿನ ಜಾಹೀರಾತು. ಬೆಳಗಿನ ರಶ್ ಮುಗಿದ ಮೇಲೆ ಕ್ಯಾಂಟೀನಿನ ಗಲ್ಲಾದಲ್ಲಿ ಕೂತ ನಮ್ಮವರು ಈ ಪುಟವನ್ನೇ ಮೊದಲು ಓದುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

‘ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ 38 ಲಕ್ಷಕ್ಕೆ ಮಾರಾಯ್ರೇ! ಪಕ್ಕದ ಬಿಲ್ಡಿಂಗಿನಲ್ಲಿ 48 ನಡೀತಿದೆ.’ ಫೋರ್ಟಿನಲ್ಲಿ ಕ್ಯಾಂಟೀನ್ ನಡೆಸುವ, ನಮ್ಮ ಕುಂದಾಪುರ ಕಡೆಯ ಒಬ್ಬರು 2024ರ ಶುರುವಿನಲ್ಲಿ ನನಗೆ ಹೀಗೆ ಹೇಳಿದ್ದರು. ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿದ್ದವರು ಅವರು. ಹತ್ತು ಲಕ್ಷ ಕಡಿಮೆ ಅಂದರೆ ಅವರಿಗೆ ಸಣ್ಣ ಮಾತಲ್ಲ. ಆದರೆ ಆ ಹತ್ತು ಲಕ್ಷವನ್ನು ಬಿಟ್ಟುಕೊಟ್ಟವರು ಯಾರು? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಒಂದು ಶಬ್ದದ ವಿಷಯ. ಅಮೆರಿಕದಲ್ಲಿ ಸಾಲ ಕಟ್ಟದವರ ಮನೆಯನ್ನು ಬ್ಯಾಂಕು ಕಿತ್ತುಕೊಳ್ಳುವುದಕ್ಕೆ ಫೋರ್‌ಕ್ಲೋಷರ್ ಅನ್ನುತ್ತಾರೆ. ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಅದೇ ಶಬ್ದ ಹೇಳಿದರೆ, ಸಾಲವನ್ನು ಅವಧಿಗೆ ಮೊದಲೇ ಪೂರ್ತಿ ತೀರಿಸಲು ಬಂದಿದ್ದೀರಿ ಅಂದುಕೊಳ್ಳುತ್ತಾರೆ! ಇಲ್ಲಿ ಜನ ಹೇಳುವುದು ‘ಬ್ಯಾಂಕ್ ಆಕ್ಷನ್’. ಊರಿನ ಕಡೆಯವರ ಬಾಯಲ್ಲಿ ‘ಏಲಂ’.

1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಮುಂಬೈಗೆ ಒಂದು ವಿಶೇಷ ಸ್ಥಾನ ಇತ್ತು. ಮನೆಯ ಮೂಲ ಪತ್ರಗಳನ್ನು ಸಾಲ ಕೊಟ್ಟವನ ಕೈಗೆ ಒಪ್ಪಿಸಿದರೆ ಸಾಕು, ಅದೇ ಅಡಮಾನ ಎಂಬ ಪದ್ಧತಿಗೆ ಕಲ್ಕತ್ತ, ಮದ್ರಾಸು, ಮುಂಬೈ ಪಟ್ಟಣಗಳಲ್ಲಿ ಆ ಕಾಯ್ದೆ ಒಪ್ಪಿಗೆ ಕೊಟ್ಟಿತ್ತು. ಈ ಪಟ್ಟಣಗಳೊಳಗಿನ ಆಸ್ತಿಯಾಗಿದ್ದು, ಅಡಮಾನ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ, ಕೋರ್ಟಿಗೆ ಹೋಗದೆ ಮಾರುವ ಅಧಿಕಾರವೂ ಸಾಲ ಕೊಟ್ಟವನಿಗೆ ಸಿಗುತ್ತಿತ್ತು. ಉಳಿದಂತೆ ದಾರಿ ಒಂದೇ: ಸಿವಿಲ್ ಕೋರ್ಟು. ದಾವೆ ಹಾಕಿ, ಡಿಕ್ರಿ ಪಡೆದು, ಜಾರಿ ಮಾಡಿಸುವಷ್ಟರಲ್ಲಿ ವರ್ಷಗಟ್ಟಲೆ ಹೋಗುತ್ತಿತ್ತು.

ಆಗ ಸಾಮಾನ್ಯ ಜನರಿಗೆ ಗೃಹಸಾಲ ಸಿಗುವುದೇ ಅಪರೂಪ. ನಮ್ಮ ಹೋಟೆಲ್ ಹುಡುಗರು ಹೋಟೆಲಿನಲ್ಲೇ ಮಲಗುತ್ತಿದ್ದರು. ಸ್ವಲ್ಪ ಗಟ್ಟಿಯಾದವರು ಪಗಡಿ, ಅಂದರೆ ಮುಂಗಡದ ಇಡುಗಂಟು ಕೊಟ್ಟು ಚಾಳಿನಲ್ಲಿ ಬಾಡಿಗೆಗೆ ಖೋಲಿ ಹಿಡಿಯುತ್ತಿದ್ದರು. 1977ರಲ್ಲಿ ಇದೇ ಮುಂಬೈಯಲ್ಲಿ ಎಚ್‌ಡಿಎಫ್‌ಸಿ ಶುರುವಾಯಿತು. ಮನೆಗೆಂದೇ ಸಾಲ ಕೊಡುವ ಪದ್ಧತಿ ನಿಧಾನವಾಗಿ ಬೇರು ಬಿಟ್ಟಿತು. ಮುಂದೆ ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರ ಬೆಳೆದದ್ದೇ ಈ ಕಂತಿನ ಹಣದ ಮೇಲೆ ಅನ್ನಬಹುದು.

ಸಾಲ ಬೆಳೆದ ಹಾಗೆ ಬಾಕಿಯೂ ಬೆಳೆಯಿತು. 1991ರ ನರಸಿಂಹಂ ಸಮಿತಿ ವಸೂಲಿಗೆ ಬೇರೆ ನ್ಯಾಯಮಂಡಳಿ ಬೇಕು ಎಂದು ಹೇಳಿತು. 1993ರ ಕಾಯ್ದೆಯಿಂದ ಸಾಲ ವಸೂಲಾತಿ ನ್ಯಾಯಮಂಡಳಿಗಳು ಬಂದವು. ಎಲ್ಲರೂ ಡಿಆರ್‌ಟಿ ಅನ್ನುವುದು ಇವನ್ನೇ. ಆದರೆ ಅಲ್ಲಿಗೆ ಹೋಗಲು ಬಾಕಿ ಕನಿಷ್ಠ 10 ಲಕ್ಷ ಇರಬೇಕಿತ್ತು. ಆ ಕಾಲದಲ್ಲಿ ಅದು ದೊಡ್ಡ ಮೊತ್ತ. ಒನ್ ರೂಮ್ ಕಿಚನ್ ಸಾಲದ ಕೇಸುಗಳು ಹಳೆಯ ಕೋರ್ಟುಗಳಲ್ಲೇ ಉಳಿದವು.

ನಿಜವಾದ ತಿರುವು ಬಂದದ್ದು 2002ರಲ್ಲಿ. ಎರಡನೇ ನರಸಿಂಹಂ ಸಮಿತಿ ಮತ್ತು ಆಂಧ್ಯಾರುಜಿನ ಸಮಿತಿ, ಕೋರ್ಟಿನ ಹಂಗಿಲ್ಲದೆ ಅಡಮಾನದ ಆಸ್ತಿ ಮಾರುವ ಅಧಿಕಾರ ಬ್ಯಾಂಕುಗಳಿಗೆ ಬೇಕು ಎಂದಿದ್ದವು. ಅದೇ ವರ್ಷ ಜೂನ್ 21ರಂದು ಮೊದಲು ಸುಗ್ರೀವಾಜ್ಞೆ ಬಂತು. ಆಮೇಲೆ ಅದೇ ಸರ್ಫೇಸಿ ಕಾಯ್ದೆಯಾಯಿತು. ಬಾಕಿ 1 ಲಕ್ಷ ದಾಟಿದ್ದರೆ ಸಾಕು, ಬ್ಯಾಂಕು ಇದನ್ನು ಬಳಸಬಹುದು. ಕೃಷಿ ಜಮೀನನ್ನು ಮಾತ್ರ ಮುಟ್ಟುವಂತಿಲ್ಲ.

ನಡೆಯುವುದು ಹೀಗೆ. ಕಂತು 90 ದಿನ ನಿಂತರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ. ಮೊದಲು ಇದಕ್ಕೆ 180 ದಿನ ಇತ್ತು, 2004ರಿಂದ 90 ಆಯಿತು. ಆಮೇಲೆ 60 ದಿನದ ನೋಟಿಸು. ಸಾಲಗಾರ ಆಕ್ಷೇಪ ಬರೆದುಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಬೇಕು. 60 ದಿನ ಕಳೆದರೂ ಹಣ ಬರಲಿಲ್ಲವೆಂದರೆ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸುತ್ತಾರೆ, ಎರಡು ಪೇಪರಿನಲ್ಲಿ ಹಾಕುತ್ತಾರೆ. ಒಂದು ಸ್ಥಳೀಯ ಭಾಷೆಯದ್ದೇ ಆಗಬೇಕು. ಮರಾಠಿ ಪೇಪರಿನ ಆ ಪುಟ ತುಂಬುವುದು ಇದರಿಂದಲೇ. ಇದನ್ನು ಪ್ರಶ್ನಿಸಲು ಸಾಲಗಾರನಿಗೆ 45 ದಿನ ಇರುತ್ತದೆ, ಡಿಆರ್‌ಟಿಯಲ್ಲಿ.

ಮೊದಲ ರೂಪದಲ್ಲಿ ಈ ಕಾಯ್ದೆ ಇನ್ನೂ ಕಠಿಣವಾಗಿತ್ತು. ಡಿಆರ್‌ಟಿಗೆ ಹೋಗುವ ಮೊದಲೇ ಸಾಲಗಾರ ಬಾಕಿಯ ಶೇ 75ರಷ್ಟು ಕಟ್ಟಬೇಕಿತ್ತು. ಅಷ್ಟು ದುಡ್ಡಿದ್ದರೆ ಅವನು ಕಂತನ್ನೇ ಕಟ್ಟುತ್ತಿರಲಿಲ್ಲವಾ? 2004ರ ಏಪ್ರಿಲ್ 8ರಂದು ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಈ ಷರತ್ತನ್ನು ಮಾತ್ರ ರದ್ದು ಮಾಡಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಬಡ ಸಾಲಗಾರನಿಗೆ ಸಿಕ್ಕ ದೊಡ್ಡ ನ್ಯಾಯ ಅದು.

ಆಮೇಲೆ ಕಾಯ್ದೆಯ ಕೈ ಉದ್ದವಾಗುತ್ತಾ ಹೋಯಿತು. ಸಹಕಾರಿ ಬ್ಯಾಂಕುಗಳೂ ಇದನ್ನು ಬಳಸಬಹುದು ಎಂಬುದು 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾಯಿತು. ಮುಂಬೈ ಕನ್ನಡಿಗರಲ್ಲಿ ಸಹಕಾರಿ ಬ್ಯಾಂಕಿನ ಖಾತೆ ಇಲ್ಲದವರು ಕಡಿಮೆ. ಹಾಗಾಗಿ ಇದು ನಮ್ಮ ಮನೆ ಬಾಗಿಲಿನ ವಿಷಯವೇ. ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗಳಿಗೂ ಈ ಅಧಿಕಾರ ಸಿಕ್ಕಿತು. ಮೊದಲು ದೊಡ್ಡ ಸಾಲಕ್ಕೆ ಮಾತ್ರ ಇತ್ತು, 2021ರಲ್ಲಿ ಮಿತಿ 20 ಲಕ್ಷಕ್ಕೆ ಇಳಿಯಿತು.

ಇನ್ನೊಂದು ಬದಲಾವಣೆಯನ್ನು ಎಲ್ಲರೂ ತಿಳಿದಿರಬೇಕು. ಹರಾಜು ಆಗಿ ಮಾರಾಟ ಮುಗಿಯುವವರೆಗೂ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಅವಕಾಶ ಸಾಲಗಾರನಿಗೆ ಹಿಂದೆ ಇತ್ತು. 2016ರ ತಿದ್ದುಪಡಿ ಅದನ್ನು ಹರಾಜಿನ ನೋಟಿಸು ಪ್ರಕಟವಾಗುವ ದಿನದವರೆಗೆ ಎಂದು ಕಡಿಮೆ ಮಾಡಿತು. 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಕೊಳ್ಳುವವನಿಗೆ ಇದರಿಂದ ಧೈರ್ಯ ಬಂತು ನಿಜ. ಆದರೆ ಊರಿನ ಜಾಗ ಮಾರಿ ಕೊನೇ ವಾರದಲ್ಲಿ ಹಣ ಹೊಂದಿಸಿ ಓಡಿ ಬರುತ್ತಿದ್ದ ಸಾಲಗಾರನ ಪಾಲಿಗೆ ಒಂದು ಬಾಗಿಲು ಮುಚ್ಚಿತು.

ಇಷ್ಟೆಲ್ಲ ಬದಲಾವಣೆ ನೋಡಿದರೆ ಒಂದು ವಿಷಯ ಕಾಣುತ್ತದೆ. ನೋಟಿಸಿನಿಂದ ಹರಾಜಿನವರೆಗಿನ ದಾರಿಯನ್ನು ಕಾಯ್ದೆ ಚಿಕ್ಕದು ಮಾಡಿತು. ಹರಾಜಿನಿಂದ ಬೀಗದ ಕೈವರೆಗಿನ ದಾರಿ ಉದ್ದವಾಗಿಯೇ ಉಳಿಯಿತು. ಹಿಂದೆ ಬ್ಯಾಂಕು ಕಾಯುತ್ತಿತ್ತು. ಈಗ ಹಣ ಕೊಟ್ಟು ಕಾಯುವವನು ಕೊಂಡವನು.

ಯಾಕೆಂದರೆ ಸ್ವಾಧೀನದಲ್ಲಿ ಎರಡು ಬಗೆ. ಬಾಗಿಲಿಗೆ ನೋಟಿಸು ಅಂಟಿಸಿದರೆ ಸಿಂಬಾಲಿಕ್ ಪೊಸೆಷನ್. ಒಳಗಿನವರನ್ನು ಹೊರಗೆ ಕಳಿಸಿ ಬೀಗ ಹಾಕಿದರೆ ಫಿಸಿಕಲ್ ಪೊಸೆಷನ್. ಎರಡನೆಯದಕ್ಕೆ ಬ್ಯಾಂಕು ಕಾಯ್ದೆಯ 14ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಹತ್ತಿರ ಅರ್ಜಿ ಹಾಕುತ್ತದೆ. ಡೊಂಬಿವಲಿಯ ಮನೆಯಾದರೆ ಠಾಣೆ ಜಿಲ್ಲಾಧಿಕಾರಿ. 30 ದಿನದಲ್ಲಿ, ಕಾರಣ ಬರೆದರೆ ಒಟ್ಟು 60 ದಿನದಲ್ಲಿ ಆದೇಶ ಆಗಬೇಕು ಎಂದು ಕಾನೂನು ಹೇಳುತ್ತದೆ. ಆದೇಶವನ್ನು ಜಾರಿ ಮಾಡಲು ಅಧಿಕಾರಿ ಬೇಕು, ಪೊಲೀಸ್ ಬಂದೋಬಸ್ತ್ ಬೇಕು. ಈ ಕೆಲಸಕ್ಕೆ ವಕೀಲರನ್ನು ಕಮಿಷನರ್ ಆಗಿ ಕಳಿಸಬಹುದಾ ಎಂಬ ಜಗಳವೂ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಕಳಿಸಬಹುದು ಎಂದು ತೀರ್ಪಾಯಿತು. ಆ ಪ್ರಕರಣದಲ್ಲಿದ್ದ ಬ್ಯಾಂಕು ಎನ್‌ಕೆಜಿಎಸ್‌ಬಿ. ಅದರ ಹೆಸರಿನ ಮೊದಲ ಎರಡು ಅಕ್ಷರ ನಮ್ಮ ಉತ್ತರ ಕನ್ನಡದ್ದು, ನಾರ್ತ್ ಕೆನರಾ.

ನಮ್ಮ ಕ್ಯಾಂಟೀನಿನವರ ಕತೆಗೆ ಬರುತ್ತೇನೆ. ಜಾಹೀರಾತಿನಲ್ಲಿ ‘ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೆ’ ಎಂಬ ಸಾಲಿತ್ತು. ಸ್ವಾಧೀನ ಸಿಂಬಾಲಿಕ್ ಎಂದೂ ಇತ್ತು. ಎರಡನ್ನೂ ಅವರು ಓದಿದ್ದರು, ಅರ್ಥ ಮಾಡಿಕೊಂಡಿರಲಿಲ್ಲ. 38 ಲಕ್ಷ ಅನ್ನುವುದು ರಿಸರ್ವ್ ಪ್ರೈಸ್, ಅಂದರೆ ಬಿಡ್ ಶುರುವಾಗುವ ಕನಿಷ್ಠ ಬೆಲೆ. ಅದರ ಶೇ 10, ಅಂದರೆ 3 ಲಕ್ಷ 80 ಸಾವಿರವನ್ನು ಇಎಂಡಿ ಎಂಬ ಮುಂಗಡ ಠೇವಣಿಯಾಗಿ ಕಟ್ಟಿದರು. ಹರಾಜು ಆನ್‌ಲೈನ್. ಕ್ಯಾಂಟೀನಿನ ಅಡುಗೆಮನೆ ಪಕ್ಕದ ಸ್ಟೋರ್ ರೂಮಿನಲ್ಲಿ, ಅಕ್ಕಿ ಚೀಲದ ಮೇಲೆ ಕೂತು, ಮಗನ ಲ್ಯಾಪ್‌ಟಾಪಿನಲ್ಲಿ ಬಿಡ್ ಮಾಡಿದರು. ಕೊನೆಯ ನಿಮಿಷದಲ್ಲಿ ಯಾರಾದರೂ ಏರಿಸಿದರೆ ಸಮಯ ಮತ್ತೆ ಐದು ನಿಮಿಷ ಮುಂದಕ್ಕೆ ಹೋಗುತ್ತಿತ್ತು. 39 ಲಕ್ಷಕ್ಕೆ ಅವರದ್ದಾಯಿತು.

ಮರುದಿನದೊಳಗೆ ಶೇ 25 ತುಂಬಬೇಕು, ಇಎಂಡಿ ಸೇರಿಸಿ 9 ಲಕ್ಷ 75 ಸಾವಿರ. ಉಳಿದ 29 ಲಕ್ಷ 25 ಸಾವಿರ 15 ದಿನದಲ್ಲಿ. ಬ್ಯಾಂಕು ಒಪ್ಪಿ ಬರೆದುಕೊಟ್ಟರೆ ಮೂರು ತಿಂಗಳವರೆಗೆ ಸಿಗಬಹುದು. ಕಟ್ಟಲಾಗದಿದ್ದರೆ ಆ ಶೇ 25 ಹೋಯಿತು ಅಂತಲೇ ಲೆಕ್ಕ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಫಿಸಿಕಲ್ ಪೊಸೆಷನ್ ಇಲ್ಲದ ಮನೆಗೆ ಸಾಲ ಕೊಡಲು ಅವರು ಕೇಳಿದ ಬ್ಯಾಂಕು ಒಪ್ಪಲಿಲ್ಲ. ಹೆಂಡತಿಯ ಚಿನ್ನ, ಭಾವನ ಕೈಸಾಲ, ಊರಿನ ಸೊಸೈಟಿಯ ಸಾಲ ಎಲ್ಲ ಸೇರಿಸಿ ಹೇಗೋ ಕಟ್ಟಿದರು.

ಸೇಲ್ ಸರ್ಟಿಫಿಕೇಟ್ ಬಂತು. ಬೀಗದ ಕೈ ಬರಲಿಲ್ಲ. ಮೊದಲಿನ ಮಾಲೀಕರು ಒಳಗೇ ಇದ್ದರು. ಮೇ 20ಕ್ಕೆ ಲೋಕಸಭೆಯ ಮತದಾನ, ಪೊಲೀಸರು ಸಿಗಲಿಲ್ಲ. ಮಳೆಗಾಲದಲ್ಲಿ ಒಮ್ಮೆ ತಾರೀಖು ಕೊಟ್ಟು ಮುಂದಕ್ಕೆ ಹಾಕಿದರು. ನವೆಂಬರ್ 20ಕ್ಕೆ ವಿಧಾನಸಭೆಯ ಮತದಾನ. ಕೊನೆಗೆ ಬೀಗದ ಕೈ ಸಿಕ್ಕಿದ್ದು ಡಿಸೆಂಬರಿನಲ್ಲಿ. ಹತ್ತು ತಿಂಗಳ ಬಾಡಿಗೆ 1 ಲಕ್ಷ 40 ಸಾವಿರ, ಬಿಲ್ಡಿಂಗ್ ಸೊಸೈಟಿಯ ಹಳೇ ಮೇಂಟೆನೆನ್ಸ್ ಬಾಕಿ 1 ಲಕ್ಷ 85 ಸಾವಿರ, ಕರೆಂಟ್ ಬಿಲ್ 23 ಸಾವಿರ, ರಿಪೇರಿ 1 ಲಕ್ಷ 20 ಸಾವಿರ, ಸಾಲದ ಬಡ್ಡಿ 1 ಲಕ್ಷ 30 ಸಾವಿರ. ಹೆಚ್ಚುಕಡಿಮೆ 6 ಲಕ್ಷ. ಕರೆಂಟಿನ ಹಳೇ ಬಾಕಿ ನನ್ನದಲ್ಲ ಅಂತ ವಾದ ಮಾಡುವುದೂ ಈಗ ಕಷ್ಟ. ಅದನ್ನು ಹರಾಜಿನಲ್ಲಿ ಕೊಂಡವನಿಂದ ವಸೂಲಿ ಮಾಡಬಹುದು ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅವರದ್ದು ಇದ್ದುದರಲ್ಲಿ ಒಳ್ಳೆಯ ಪ್ರಕರಣ. ಒಳಗೆ ಬಾಡಿಗೆದಾರ ಇದ್ದಿದ್ದರೆ ಬೇರೆಯೇ ತಲೆನೋವು. ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇರುವವನನ್ನು ಸರ್ಫೇಸಿ ಹೇಳಿ ಹೊರಹಾಕುವಂತಿಲ್ಲ ಎಂದು 2016ರಲ್ಲಿ ಮುಂಬೈಯ ಪ್ರಕರಣದಲ್ಲೇ ತೀರ್ಪಾಯಿತು. ಸುಮ್ನೆ ಬಾಯಿಮಾತಿನ ಬಾಡಿಗೆ ತೋರಿಸಿದರೆ ನಡೆಯುವುದಿಲ್ಲ ಎಂದು 2019ರ ಇನ್ನೊಂದು ತೀರ್ಪು ಹೇಳಿತು. ಯಾರು ನಿಜವಾದ ಬಾಡಿಗೆದಾರ ಎಂದು ತೀರ್ಮಾನ ಆಗುವವರೆಗೆ ಕೊಂಡವನು ಕಾಯಬೇಕು. ಕಟ್ಟಡವೇ ಅನಧಿಕೃತ ಆಗಿದ್ದರೆ ಕಾಯುವುದಕ್ಕೂ ಏನೂ ಉಳಿಯುವುದಿಲ್ಲ. ನಕಲಿ ಅನುಮತಿ ಪತ್ರ ತೋರಿಸಿ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರದಲ್ಲಿ ನೋಂದಣಿ ಪಡೆದು ಕಟ್ಟಿದ ಡೊಂಬಿವಲಿ ಭಾಗದ 65 ಕಟ್ಟಡಗಳನ್ನು ಕೆಡವಲು 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತ್ತು.

39ಕ್ಕೆ ಕೊಂಡದ್ದರಿಂದ ಹತ್ತು ಲಕ್ಷದ ಉಳಿತಾಯ ಒಂಬತ್ತಕ್ಕೆ ಇಳಿದಿತ್ತು, ಅದರಲ್ಲಿ ಆರು ಹೀಗೆ ಹೋಯಿತು. ಉಳಿದ ಮೂರು ಯಾರದ್ದು? ಮೊದಲಿನ ಮಾಲೀಕರದ್ದು. ಹರಾಜಿನಲ್ಲಿ ಬಾಕಿಗಿಂತ ಜಾಸ್ತಿ ಹಣ ಬಂದರೆ ಹೆಚ್ಚಿನದು ಸಾಲಗಾರನಿಗೇ ವಾಪಸ್ ಹೋಗಬೇಕು. ಕಡಿಮೆ ಬಂದರೆ ಉಳಿದ ಬಾಕಿಗೆ ಬ್ಯಾಂಕು ಅವನ ಹಿಂದೆಯೇ ಬೀಳಬಹುದು. ಕಾಯ್ದೆಯ 13ನೇ ಕಲಂನಲ್ಲಿ ಎರಡೂ ಇದೆ. ಅಂದರೆ ಹರಾಜು ಸೋತು ಸೋತು ರಿಸರ್ವ್ ಪ್ರೈಸ್ ಇಳಿದಷ್ಟೂ ಅವನ ಮನೆಯೂ ಹೋಯಿತು, ಸಾಲವೂ ಉಳಿಯಿತು. ಹರಾಜಿಗೆ ಮೊದಲೇ ಬ್ಯಾಂಕಿನ ಒಪ್ಪಿಗೆ ಪಡೆದು ತಾನೇ ಗಿರಾಕಿ ಹುಡುಕಿ ಮಾರಿದರೆ ಸಾಲಗಾರನಿಗೆ ಒಳ್ಳೆಯ ಬೆಲೆ ಸಿಗುತ್ತದೆ. ನಾಚಿಕೆಯಿಂದ, ಊರಲ್ಲಿ ಗೊತ್ತಾದರೆ ಏನು ಅಂದುಕೊಳ್ಳುತ್ತಾರೋ ಅಂತ ಎಷ್ಟೋ ಜನ ಮೊದಲ ನೋಟಿಸನ್ನು ಕಪಾಟಿನಲ್ಲಿ ಬಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ 60 ದಿನ ಇರುವುದು ನಿಮಗಾಗಿ.

ಕೊಳ್ಳುವವರು ಈಗ ಮನೆ ಹುಡುಕುವುದು ಸುಲಭ. ಸರ್ಕಾರಿ ಬ್ಯಾಂಕುಗಳ ಹರಾಜಿನ ಆಸ್ತಿಗಳೆಲ್ಲ ಒಂದೇ ಕಡೆ ಸಿಗುವಂತೆ 2025ರ ಜನವರಿಯಲ್ಲಿ ಬ್ಯಾಂಕ್‌ನೆಟ್ ಪೋರ್ಟಲ್ ಶುರುವಾಗಿದೆ. ಅದೇ ಮನೆ ಬೇರೆ ಬ್ಯಾಂಕಿನಲ್ಲೂ ಅಡಮಾನ ಇದೆಯೇ ಎಂದು 2011ರಲ್ಲಿ ಆರಂಭವಾದ ಸೆರ್ಸಾಯಿ ಎಂಬ ಅಡಮಾನಗಳ ಕೇಂದ್ರ ದಾಖಲೆಯಲ್ಲಿ ಸಣ್ಣ ಶುಲ್ಕ ಕಟ್ಟಿ ನೋಡಬಹುದು. ಆದರೆ ಒಳಗೆ ಯಾರಿದ್ದಾರೆ ಎಂಬುದು ಯಾವ ಪೋರ್ಟಲ್‌ನಲ್ಲೂ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಬಿಲ್ಡಿಂಗಿಗೇ ಹೋಗಬೇಕು. ವಾಚ್‌ಮನ್ ಹತ್ತಿರ ಮಾತಾಡಬೇಕು, ಸೊಸೈಟಿ ಸೆಕ್ರೆಟರಿಯಿಂದ ಬಾಕಿಯ ಲೆಕ್ಕ ಬರೆಸಿಕೊಳ್ಳಬೇಕು.

ಡಿಸೆಂಬರಿನ ಆ ದಿನ ನಾನೂ ಅವರ ಜೊತೆ ಹೋಗಿದ್ದೆ. ಅಧಿಕಾರಿಗಳು ಪಂಚನಾಮೆ ಬರೆಯುತ್ತಿದ್ದರು. ಮಂಚ ಒಂದು, ಸ್ಟೀಲ್ ಕಪಾಟು ಒಂದು, ಫ್ಯಾನ್ ಎರಡು, ಗ್ರೈಂಡರ್ ಒಂದು, ದೇವರ ಫೋಟೊ ಐದು. ಮೊದಲಿನ ಮನೆಯಾಕೆ ಮೆಟ್ಟಿಲ ಹತ್ತಿರ ನಿಂತಿದ್ದರು. ಕ್ಯಾಂಟೀನಿನವರು ಹತ್ತಿರ ಹೋಗಿ, ‘ತಾಯಿ, ಸಾಮಾನು ಅವಸರ ಮಾಡಬೇಡಿ, ಒಂದು ವಾರ ಇಲ್ಲೇ ಇರಲಿ’ ಅಂತ ಮರಾಠಿಯಲ್ಲಿ ಹೇಳಿದರು. ಆಕೆ ತಲೆ ಅಲ್ಲಾಡಿಸಿದರು. ಫೋಟೊಗಳನ್ನು ಮಾತ್ರ ಒಂದು ಟವೆಲ್ಲಿನಲ್ಲಿ ಸುತ್ತಿ ಅವತ್ತೇ ತೆಗೆದುಕೊಂಡು ಹೋದರು.