ಪದ ಪರಿಚಯ: ‘ಪಿಪ್ ಮಿತಿ ಮುಗಿದಿದೆ’

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಕಾರು ಇಟ್ಟುಕೊಂಡವರು ಕಡ್ಡಾಯವಾಗಿ ಮಾಡಿಸಬೇಕಾದ ವಿಮೆಯ ಒಂದು ಭಾಗಕ್ಕೆ ಪರ್ಸನಲ್ ಇಂಜುರಿ ಪ್ರೊಟೆಕ್ಷನ್ ಎಂದು ಹೆಸರು. ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದವರೂ ವಕೀಲರೂ ಅದನ್ನು ‘ಪಿಪ್’ ಎಂದೇ ಕರೆಯುತ್ತಾರೆ. ಅಪಘಾತದಲ್ಲಿ ತಪ್ಪು ಯಾರದೇ ಇದ್ದರೂ ಗಾಯಾಳುವಿನ ಚಿಕಿತ್ಸೆಗೆ ಅವನ ಸ್ವಂತ ವಿಮಾ ಕಂಪನಿಯೇ ಮೊದಲು ಹಣ ಕೊಡಬೇಕೆಂಬುದು 1972ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯ ತಿರುಳು. ಕಂಪನಿಯು ಅಗತ್ಯ ಚಿಕಿತ್ಸೆಯ ವೆಚ್ಚದಲ್ಲಿ ಶೇ 80ರಷ್ಟನ್ನೂ ದುಡಿಮೆ ತಪ್ಪಿದ್ದರಿಂದಾದ ನಷ್ಟದಲ್ಲಿ ಶೇ 60ರಷ್ಟನ್ನೂ ಕೊಡುತ್ತದೆ. ಆದರೆ ಒಬ್ಬ ವ್ಯಕ್ತಿಗೆ ಇವೆರಡೂ ಸೇರಿ 10,000 ಡಾಲರ್ ಮೀರುವಂತಿಲ್ಲ. ಅಮೆರಿಕದ ಆಸ್ಪತ್ರೆಗಳ ದರ ಬಲ್ಲವರಿಗೆ ಇದು ಎಷ್ಟು ಸಣ್ಣ ಮೊತ್ತವೆಂದು ಹೇಳಬೇಕಾಗಿಲ್ಲ. ಈ ಹಣ ಪೂರ್ತಿ ಪಾವತಿಯಾದ ಸ್ಥಿತಿಯನ್ನು ಮಿತಿ ಮುಗಿದಿದೆ, ಅಂದರೆ ‘ಎಕ್ಸಾಸ್ಟ್’ ಆಗಿದೆ ಎನ್ನುತ್ತಾರೆ.

ಮೇಲ್ನೋಟಕ್ಕೆ ಇದು ಬರೀ ಕೂಡಿ ಕಳೆಯುವ ಲೆಕ್ಕದಂತೆ ಕಾಣುತ್ತದೆ. ನ್ಯಾಯಾಲಯದಲ್ಲಿ ಮಾತ್ರ ಇದು ಮೊಕದ್ದಮೆಯನ್ನೇ ಮುಗಿಸಬಲ್ಲ ಪ್ರತಿವಾದ. ಒಂದು ಕಲ್ಪಿತ ಉದಾಹರಣೆ ನೋಡೋಣ. ರೋಗಿಯೊಬ್ಬ ತನ್ನ ವಿಮಾ ಹಕ್ಕನ್ನು ಸ್ಕ್ಯಾನಿಂಗ್ ಕೇಂದ್ರಕ್ಕೆ ಬರೆದುಕೊಟ್ಟಿದ್ದಾನೆ; ಕೇಂದ್ರವು 1,800 ಡಾಲರಿನ ಬಿಲ್ಲು ಕಳಿಸಿದೆ. ಶೇ 80ರ ಪ್ರಕಾರ 1,440 ಡಾಲರ್ ಬರಬೇಕೆಂಬುದು ಅದರ ನಿರೀಕ್ಷೆ, ಆದರೆ ಕಂಪನಿ ಬಿಲ್ಲಿನ ದರವೇ ಹೆಚ್ಚೆಂದು 1,000 ಡಾಲರ್ ಮಾತ್ರ ಕೊಡುತ್ತದೆ. ಉಳಿದ 440 ಡಾಲರಿಗಾಗಿ ಕೇಂದ್ರ ಪತ್ರ ಬರೆಯುತ್ತಿರುವಷ್ಟರಲ್ಲಿ ಮೂಳೆ ವೈದ್ಯರ, ಫಿಸಿಯೊಥೆರಪಿಯವರ ಬಿಲ್ಲುಗಳು ಬಂದು ಅವುಗಳ ಪಾವತಿಯಲ್ಲೇ 10,000 ಡಾಲರ್ ತೀರಿಹೋಗುತ್ತದೆ. ಆಮೇಲೆ ದಾವೆ ಹೂಡಿದರೆ, 440 ಡಾಲರ್ ನ್ಯಾಯವಾಗಿ ಸಲ್ಲಬೇಕಿತ್ತೋ ಇಲ್ಲವೋ ಎಂಬ ಮೂಲ ಪ್ರಶ್ನೆಗೆ ಕಂಪನಿ ಉತ್ತರ ಕೊಡುವುದೇ ಇಲ್ಲ. ಕೊಡಲು ಹಣ ಉಳಿದಿಲ್ಲ ಎಂದಷ್ಟೇ ಹೇಳುತ್ತದೆ.

ವಿವಾದದಲ್ಲಿರುವ ಬಿಲ್ಲಿನ ಮೊತ್ತವನ್ನು ಕಂಪನಿ ಬೇರೆಯಾಗಿ ತೆಗೆದಿಡಬೇಕಿತ್ತಲ್ಲವೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಹಾಗೆ ತೆಗೆದಿಡಬೇಕಾಗಿಲ್ಲ ಎಂದು ಫ್ಲಾರಿಡಾದ ನಾಲ್ಕನೇ ಜಿಲ್ಲಾ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಸೈಮನ್ ಮತ್ತು ಪ್ರೊಗ್ರೆಸಿವ್ ಎಕ್ಸ್‌ಪ್ರೆಸ್ ನಡುವಿನ ಪ್ರಕರಣದಲ್ಲಿ ಹೇಳಿತು. 2008ರಲ್ಲಿ ಐದನೇ ಜಿಲ್ಲೆಯ ನ್ಯಾಯಾಲಯವೂ ಸ್ಟ್ಯಾಂಡ್-ಅಪ್ ಎಂಆರ್‌ಐ ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. 2014ರ ನಾರ್ತ್‌ವುಡ್ಸ್ ತೀರ್ಪು ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ವಿವಾದಿತ ಹಣವನ್ನೆಲ್ಲ ಕಟ್ಟಿಟ್ಟರೆ ತಕರಾರಿಲ್ಲದ ಬಿಲ್ಲುಗಳ ಪಾವತಿಯೂ ತಡವಾಗುತ್ತದೆ, ಬೇಗ ಹಣ ಕೊಡಿಸುವುದೇ ಈ ಕಾನೂನಿನ ಉದ್ದೇಶ ಎಂಬ ವಾದದಲ್ಲಿ ಹುರುಳಿದೆ. ಆದರೂ, ಮೊದಲ ಬಿಲ್ಲಿಗೆ ಕಡಿಮೆ ಕೊಟ್ಟ ಕಂಪನಿ ತಡವಾಗಿ ಬಂದವರಿಗೆ ಪೂರ್ತಿ ಕೊಟ್ಟು ಕೈತೊಳೆದುಕೊಳ್ಳಲು ಈ ನಿಯಮ ಅವಕಾಶ ಕೊಡುತ್ತದೆಂಬ ಆಸ್ಪತ್ರೆಗಳವರ ದೂರನ್ನು ತಳ್ಳಿಹಾಕುವುದು ನನಗೆ ಕಷ್ಟ.

ಈ ಪ್ರತಿವಾದಕ್ಕೆ ಎರಡು ಕಡೆ ಬಿರುಕುಗಳಿವೆ. ಕಂಪನಿಯು ದುರುದ್ದೇಶದಿಂದ ನಡೆದುಕೊಂಡಿತೆಂದು ಸಾಬೀತಾದರೆ ಮಿತಿ ಮುಗಿದಿದೆ ಎಂಬ ಮಾತು ಅದನ್ನು ಕಾಪಾಡುವುದಿಲ್ಲ. ಸಾಬೀತು ಮಾಡುವುದು ಮಾತ್ರ ಸುಲಭವಲ್ಲ. ಎರಡನೆಯದು ಹೆಚ್ಚು ಕೆಲಸಕ್ಕೆ ಬರುವಂಥದ್ದು. ಕಾನೂನಿನ ಪ್ರಕಾರ ಕೊಡಬೇಕಾಗಿಯೇ ಇರದಿದ್ದ ಬಿಲ್ಲಿಗೆ ಕಂಪನಿ ತಾನಾಗಿಯೇ ಹಣ ಕೊಟ್ಟಿದ್ದರೆ ಆ ಮೊತ್ತವನ್ನು 10,000 ಡಾಲರಿನ ಲೆಕ್ಕಕ್ಕೆ ಸೇರಿಸಬಹುದೇ? ಚಿಕಿತ್ಸೆ ಕೊಟ್ಟವರು ಸಾಮಾನ್ಯವಾಗಿ 35 ದಿನಗಳೊಳಗೆ ಬಿಲ್ಲು ಕಳಿಸಬೇಕೆಂಬ ನಿಯಮವಿದೆ. ಗಡುವು ಮೀರಿ ಬಂದ ಬಿಲ್ಲಿಗೆ ಮಾಡಿದ ಪಾವತಿಯನ್ನು ತೋರಿಸಿ ಮಿತಿ ಮುಗಿದಿದೆ ಎನ್ನಲಾಗದು ಎಂದು ಮೂರನೇ ಜಿಲ್ಲೆಯ ನ್ಯಾಯಾಲಯ 2006ರ ಕೋರಲ್ ಇಮೇಜಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತು. ಹೀಗಾಗಿ ಯಾರಿಗೆ, ಯಾವ ದಿನ, ಎಷ್ಟು ಕೊಡಲಾಯಿತೆಂಬ ‘ಪಿಪ್ ಲಾಗ್’ ಈ ವ್ಯಾಜ್ಯಗಳ ಜೀವಾಳ. ಅದನ್ನು ಇಡುವುದು ಕಂಪನಿಯ ಹೊಣೆ. ದಾವೆ ಶುರುವಾದ ಮೇಲೆ ವಿಮೆದಾರ ಕೇಳಿದರೆ 30 ದಿನಗಳೊಳಗೆ ಅದರ ಪ್ರತಿ ಕೊಡಬೇಕು; ವಿವಾದವಿದ್ದು ಕೋರಿಕೆ ಬಂದಿದ್ದರೆ, ಮಿತಿ ಮುಗಿದ 15 ದಿನಗಳೊಳಗೆ ಆ ಸಂಗತಿಯನ್ನು ತಿಳಿಸಬೇಕು.

ಮಿತಿ ಎಷ್ಟೆಂಬುದೇ ಕೆಲವೊಮ್ಮೆ ಜಗಳವಾಗುತ್ತದೆ. 2012ರ ತಿದ್ದುಪಡಿಯ ಪ್ರಕಾರ ಅಪಘಾತವಾದ 14 ದಿನಗಳೊಳಗೆ ಮೊದಲ ಚಿಕಿತ್ಸೆ ಪಡೆಯದಿದ್ದರೆ ವೈದ್ಯಕೀಯ ಪರಿಹಾರವೇ ಇಲ್ಲ. ಪಡೆದರೂ, ಗಾಯವು ತುರ್ತು ವೈದ್ಯಕೀಯ ಸ್ಥಿತಿ ಎಂದು ಅರ್ಹ ವೈದ್ಯರು ನಿರ್ಣಯಿಸದಿದ್ದರೆ 2,500 ಡಾಲರಿಗೇ ಬಾಗಿಲು ಮುಚ್ಚುತ್ತದೆ. ಇದಲ್ಲದೆ, ಅಪಘಾತದ ಸೂಚನೆ ಕಂಪನಿಗೆ ತಲುಪಿದ ನಂತರದ 30 ದಿನ ತುರ್ತು ಚಿಕಿತ್ಸೆಯ ವೈದ್ಯರಿಗೆ ಹಾಗೂ ಒಳರೋಗಿಗಳ ಚಿಕಿತ್ಸೆಗೆಂದು 5,000 ಡಾಲರ್ ಕಾದಿರಿಸಬೇಕು.

ನೂರಿನ್ನೂರು ಡಾಲರಿನ ಬಾಕಿಗೂ ಇಷ್ಟೊಂದು ದಾವೆಗಳು ಬೀಳಲು ಒಂದು ದೊಡ್ಡ ಕಾರಣ, ಗೆದ್ದ ವಿಮೆದಾರನ ವಕೀಲರ ಶುಲ್ಕವನ್ನು ಕಂಪನಿಯೇ ತೆರಬೇಕೆಂದಿದ್ದ ಕಾನೂನು. 2023ರ ಮಾರ್ಚ್‌ನಲ್ಲಿ ಅದು ರದ್ದಾಯಿತು.

ಭಾರತದಲ್ಲಿ ವಾಹನ ಮಾಲೀಕ-ಚಾಲಕರಿಗೆ ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯು ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಗೊತ್ತಾದ ಮೊತ್ತ ಕೊಡುವಂಥದ್ದು, ಬಿಲ್ಲುಗಳ ಮೇಲೆ ಕರಗುವಂಥದ್ದಲ್ಲ. ಆದ್ದರಿಂದ ಇಲ್ಲಿ ಈ ಬಗೆಯ ತಕರಾರು ಹುಟ್ಟುವುದಿಲ್ಲ. ಫ್ಲಾರಿಡಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರ, ಅದರಲ್ಲೂ ಊರಿನಿಂದ ಬಂದ ಅಪ್ಪ ಅಮ್ಮನನ್ನು ಕಾರಿನಲ್ಲಿ ಕರೆದೊಯ್ಯುವವರಿಗೆ, ಇದು ದೂರದ ವಿಷಯವಲ್ಲ. ಪಿಪ್ ಇರುವಷ್ಟು ದಿನ ಕಾನೂನು ಗೊತ್ತುಪಡಿಸಿದ ದರಕ್ಕಿಂತ ಹೆಚ್ಚನ್ನು ಆಸ್ಪತ್ರೆ ರೋಗಿಯಿಂದ ಕೇಳದಂತೆ ತಡೆಯಿರಬಹುದು. ಪಾಲಿಸಿಯ ಮಿತಿ ಮುಗಿದ ಕಾರಣಕ್ಕೆ ಉಳಿದ ಹಣಕ್ಕೆ ಆ ತಡೆ ಅನ್ವಯಿಸುವುದಿಲ್ಲ. ಮುಂದಿನ ಬಿಲ್ಲು ಆರೋಗ್ಯ ವಿಮೆಗೆ ಹೋಗುತ್ತದೆ, ಅದಿಲ್ಲದಿದ್ದರೆ ನೇರವಾಗಿ ಗಾಯಾಳುವಿನ ಮನೆಗೆ. ಡಿಕ್ಕಿ ಹೊಡೆದವನಿಂದ ವಸೂಲು ಮಾಡುವ ಹಕ್ಕು ಇದ್ದೇ ಇದೆ. ಆದರೆ ಫ್ಲಾರಿಡಾದ ಸಾಮಾನ್ಯ ಚಾಲಕರಿಗೆ ಕಡ್ಡಾಯವಿರುವುದು ಪಿಪ್ ಮತ್ತು ಇತರರ ಆಸ್ತಿಗಾದ ಹಾನಿಯ ವಿಮೆ ಮಾತ್ರ, ಇನ್ನೊಬ್ಬರ ದೇಹಕ್ಕಾದ ಗಾಯಕ್ಕೆ ವಿಮೆ ಮಾಡಿಸಿರಲೇಬೇಕೆಂಬ ಸಾರ್ವತ್ರಿಕ ನಿಯಮ ಅಲ್ಲಿಲ್ಲ.