ಉಣ್ಣೆಯ ಮೊಲೆ ಬೇಡವೆಂದ ಆಡ್ರಿ ಲಾರ್ಡ್

1978ರ ಸೆಪ್ಟೆಂಬರ್. ನ್ಯೂಯಾರ್ಕ್‌ನ ಕವಿ ಆಡ್ರಿ ಲಾರ್ಡ್‌ಗೆ ಸ್ತನ ಕ್ಯಾನ್ಸರ್ ಎಂದು ತಿಳಿಯಿತು. ಬಲಮೊಲೆಯನ್ನು ತೆಗೆದರು. ಆಗ ಅವರಿಗೆ 44 ವರ್ಷ. ಅಪ್ಪ ಅಮ್ಮ ಕೆರಿಬಿಯನ್ ದ್ವೀಪಗಳಿಂದ ಬಂದವರು, ಲಾರ್ಡ್ ಬೆಳೆದದ್ದು ಹಾರ್ಲೆಮ್‌ನಲ್ಲಿ. ಕಪ್ಪು ಹೆಣ್ಣು, ಲೆಸ್ಬಿಯನ್, ತಾಯಿ, ಕವಿ, ಹೋರಾಟಗಾರ್ತಿ. ತಮ್ಮ ಬಗ್ಗೆ ಹೇಳುವಾಗ ಇದರಲ್ಲಿ ಒಂದನ್ನೂ ಅವರು ಬಿಡುತ್ತಿರಲಿಲ್ಲ. ‘ನನ್ನಂಥವಳು ಇದನ್ನು ಹೇಗೆ ದಾಟಬೇಕು’ ಎಂದು ಲಾರ್ಡ್ ಹುಡುಕಿದರೆ, ಅವರ ಮುಂದೆ ಒಂದು ಉದಾಹರಣೆಯೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಸ್ವಯಂಸೇವಕಿಯೊಬ್ಬರು ನೋಡಲು ಬಂದರು. ಅವರೂ ಇದೇ ಕಾಯಿಲೆ ಗೆದ್ದವರು. ಬ್ರಾ ಒಳಗೆ ಇಟ್ಟುಕೊಳ್ಳಲು ಮೆತ್ತನೆಯ ಉಣ್ಣೆ ಉಂಡೆ ಕೊಟ್ಟರು. ಅದರ ಬಣ್ಣ ತಿಳಿಗುಲಾಬಿ. ಲಾರ್ಡ್ ಅದನ್ನು ಇಟ್ಟು ನೋಡಿದರು. ವಾರೆಯಾಗಿ ಕೂತಿತು, ಬ್ರಾ ಬಟ್ಟೆಯೊಳಗಿಂದ ಬೆಳ್ಳಗೆ ಕಾಣುತ್ತಿತ್ತು. ಅದು ಯಾರ ಮೈಯನ್ನು ನೆನೆದು ಮಾಡಿದ್ದು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಕೆಲವೇ ದಿನಗಳ ನಂತರ ಹೊಲಿಗೆ ಬಿಚ್ಚಿಸಲು ಚೆನ್ನಾಗಿ ಸಿಂಗರಿಸಿಕೊಂಡು ಹೊರಟರು. ಬಲಗಿವಿಗೆ ಮಾತ್ರ ಓಲೆ, ಅದರಲ್ಲಿ ತೂಗುವ ಹಕ್ಕಿ. ನರ್ಸ್ ಕೇಳಿದ್ದು ಆ ಉಂಡೆ ಏಕಿಲ್ಲ ಎಂದು. ಹೀಗೆ ಬಂದರೆ ಇಲ್ಲಿ ಎಲ್ಲರ ಧೈರ್ಯ ಕುಗ್ಗುತ್ತದೆ ಎಂದರು.

ನರ್ಸ್ ಕೆಟ್ಟವರೇನಲ್ಲ. ಆ ಕಾಲವೇ ಹಾಗಿತ್ತು. ಗಡ್ಡೆ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಎಂದಾದರೆ ಅದೇ ನಿದ್ದೆಯಲ್ಲಿ ಮೊಲೆಯನ್ನೂ ತೆಗೆಯುವುದು ಮಾಮೂಲಾಗಿತ್ತು. ಎದ್ದ ಮೇಲೆಯೇ ಗೊತ್ತಾಗುತ್ತಿತ್ತು. 1974ರಲ್ಲಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮ್ಮ ಆಪರೇಷನ್ ವಿಷಯ ಬಹಿರಂಗಪಡಿಸಿದಾಗ ಸಾವಿರಾರು ಹೆಂಗಸರು ತಪಾಸಣೆಗೆ ಮುಂದಾದರು. ಕಾಯಿಲೆಯ ಮಾತು ಹೊರಗೆ ಬಂತು. ಆದರೆ ಮೈ ಮಾತ್ರ ಏನೂ ಆಗಿಲ್ಲವೆಂಬಂತೆ ಕಾಣಬೇಕಿತ್ತು.

ಲಾರ್ಡ್ ಸಿಡಿದದ್ದು ಇಲ್ಲೇ. ಒಂದು ಕಣ್ಣು ಕಳೆದುಕೊಂಡ ಇಸ್ರೇಲಿನ ಸೇನಾನಾಯಕ ಮೋಶೆ ದಯಾನ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಾರೆ, ಗಾಜಿನ ಕಣ್ಣು ಹಾಕಿಕೊಳ್ಳಿ ಅಂತ ಅವರಿಗೆ ಯಾರೂ ಹೇಳುವುದಿಲ್ಲವಲ್ಲ ಎಂದು ಕೇಳಿದರು. ಹೀಗೆ ಮುಚ್ಚಿಟ್ಟುಕೊಂಡರೆ ಒಬ್ಬ ರೋಗಿಗೆ ಇನ್ನೊಬ್ಬಳ ಗುರುತೇ ಸಿಗುವುದಿಲ್ಲ. ಕ್ಯಾನ್ಸರ್ ಎಲ್ಲಿಂದ ಬರುತ್ತಿದೆ ಅಂತ ಒಟ್ಟಾಗಿ ಕೇಳುವವರೂ ಇರುವುದಿಲ್ಲ. ಒಂಟಿಮೊಲೆಯ ಹೆಂಗಸರ ಸೇನೆಯೇ ಸಂಸತ್ತಿಗೆ ನುಗ್ಗಿ, ದನದ ಮೇವಿಗೆ ಬೆರೆಸುವ ಹಾರ್ಮೋನ್ ನಿಲ್ಲಿಸಿ ಎಂದರೆ ಏನಾದೀತು ಎಂದು ಬರೆದರು. ನನಗೆ ಅವರ ಅತಿ ದೊಡ್ಡ ಮಾತು ಇದೇ ಅನಿಸುತ್ತದೆ.

ಇದೆಲ್ಲ ಬಂದದ್ದು 1980ರ ‘ದ ಕ್ಯಾನ್ಸರ್ ಜರ್ನಲ್ಸ್’ನಲ್ಲಿ. ಅದರಲ್ಲಿ ನೋವು, ಭಯ, ಆರೈಕೆ ಮಾಡಿದ ಗೆಳತಿಯರು, ಪ್ರೀತಿ, ಕಾಮ ಎಲ್ಲ ಇದೆ. ಮೌನ ಯಾರನ್ನೂ ಕಾಪಾಡದು ಎಂಬ ಭಾಷಣವೂ ಇದೆ. ಅದನ್ನು ಅವರು ಮಾಡಿದ್ದು 1977ರಲ್ಲಿ, ಮೊದಲ ಗಡ್ಡೆ ಕ್ಯಾನ್ಸರ್ ಅಲ್ಲವೆಂದು ತಿಳಿದ ಮೇಲೆ.

1984ರಲ್ಲಿ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿರುವುದು ಗೊತ್ತಾಯಿತು. ಅದೇ ವರ್ಷ ಬರ್ಲಿನ್‌ನಲ್ಲಿ ಪಾಠ ಮಾಡುತ್ತ, ಅಲ್ಲಿನ ಕಪ್ಪು ಹೆಣ್ಣುಮಕ್ಕಳನ್ನು ಬರೆಯಲು ಹುರಿದುಂಬಿಸಿದರು. 1988ರಲ್ಲಿ ‘ಎ ಬರ್ಸ್ಟ್ ಆಫ್ ಲೈಟ್’ ಬಂತು. ತನ್ನನ್ನು ತಾನು ನೋಡಿಕೊಳ್ಳುವುದು ಸುಖಲೋಲುಪತೆಯಲ್ಲ, ರಾಜಕೀಯ ಹೋರಾಟ ಎಂದದ್ದು ಅದರಲ್ಲೇ. ಇವತ್ತು ಸೆಲ್ಫ್ ಕೇರ್ ಬಗ್ಗೆ ಬರೆಯುವವರು ಜಾಸ್ತಿ ಉದ್ಧರಿಸುವ ಸಾಲು ಅದು. ಬರೆದಾಗ ಅವರ ಯಕೃತ್ತಿನಲ್ಲಿ ಗಡ್ಡೆ ಇತ್ತು.

1992ರ ನವೆಂಬರ್ 17ರಂದು ಸೇಂಟ್ ಕ್ರೋಯ್ ದ್ವೀಪದಲ್ಲಿ, 58ನೇ ವಯಸ್ಸಿನಲ್ಲಿ ತೀರಿಕೊಂಡರು. 1998ರ ಅಮೆರಿಕದ ಕಾನೂನಿನ ಪ್ರಕಾರ ಮೊಲೆ ತೆಗೆಸಲು ಹಣ ಕೊಡುವ ವಿಮಾ ಕಂಪನಿ ಆಪರೇಷನ್ ಮಾಡಿ ಮೊಲೆಯನ್ನು ಮತ್ತೆ ರೂಪಿಸುವುದಕ್ಕೂ, ಬ್ರಾ ಒಳಗೆ ಇಟ್ಟುಕೊಳ್ಳುವ ಕೃತಕ ಮೊಲೆಗೂ ಕೊಡಬೇಕು. ಎರಡೂ ಬೇಡ, ಎದೆ ಸಪಾಟಾಗಿಯೇ ಇರಲಿ ಎನ್ನುವವರು ಈಗ ಅಲ್ಲಿ ಸಂಘಟಿತರಾಗಿದ್ದಾರೆ. ಆಪರೇಷನ್‌ಗೆ ಮೊದಲೇ ಸರ್ಜನ್‌ಗೆ ಅದನ್ನು ಸ್ಪಷ್ಟವಾಗಿ ಹೇಳಿ ಎಂದು ಅವರು ಹೊಸ ರೋಗಿಗಳಿಗೆ ಹೇಳಿಕೊಡುತ್ತಾರೆ.