ನಾಗಬನದಲ್ಲಿ ‘ಬನ’ ಎಲ್ಲಿ?

ಕಳೆದ ವಾರ ಮತ್ತೊಂದು ಆಮಂತ್ರಣ ಪತ್ರಿಕೆ ಬಂತು. ‘ನೂತನ ನಾಗಬನ ನಿರ್ಮಾಣ ಮತ್ತು ಪ್ರತಿಷ್ಠೆ.’ ಜೊತೆಗಿದ್ದ ಚಿತ್ರದಲ್ಲಿ ಗ್ರಾನೈಟ್ ಹಾಸಿದ ಕಟ್ಟೆ, ಸುತ್ತ ಸ್ಟೀಲಿನ ಕಂಬಿ, ಅಂಗಳಕ್ಕೆಲ್ಲ ಇಂಟರ್‌ಲಾಕ್. ಒಂದೇ ಒಂದು ಮರ ಇಲ್ಲ. ಈ ವರ್ಷ ನನ್ನ ಕೈಗೆ ಬಂದ ಇಂಥ ಪತ್ರಿಕೆ ಇದು ನಾಲ್ಕನೆಯದು. ನಾಗನನ್ನು ಬನದಲ್ಲೇ ಪೂಜಿಸುತ್ತ ಬಂದ ಕರಾವಳಿಯವರೇ ಹೀಗೆ ಬರೆದರೆ ಹೇಗೆ?

ಬನ ಅಂದರೆ ವನ. ಸಂಸ್ಕೃತದ ‘ವ’ ಕನ್ನಡಕ್ಕೆ ಬರುವಾಗ ‘ಬ’ ಆಗುವುದು ಹಳೆಯ ರೂಢಿ. ವರ್ಣ ಬಣ್ಣವಾಯಿತು, ವಸತಿ ಬಸದಿಯಾಯಿತು, ವೇಗ ಬೇಗವಾಯಿತು. ಹೀಗೆ ಬಂದ ಕೆಲವು ಪದಗಳು ದಾರಿಯಲ್ಲಿ ಅರ್ಥವನ್ನೂ ಬದಲಿಸಿಕೊಂಡವು. ವಸತಿ ಅಂದರೆ ಯಾರು ಬೇಕಾದರೂ ಇರುವ ಜಾಗ, ಬಸದಿ ಅಂದರೆ ಜೈನರ ಗುಡಿ ಮಾತ್ರ. ಆದರೆ ಬನ ಎಷ್ಟು ದೂರ ಬಂದರೂ ಮರದ ಕೈ ಬಿಡಲಿಲ್ಲ. ಹೂಬನ, ತೆಂಗಿನ ಬನ, ಕೇದಗೆ ಬನ. ಬಾದಾಮಿಯ ಬನಶಂಕರಿಯನ್ನೇ ನೋಡಿ. ಬನದಲ್ಲಿರುವ ಶಂಕರಿ ಅವಳು. ಅವಳ ಜಾತ್ರೆಯ ಹುಣ್ಣಿಮೆಗೂ ಬನದ ಹುಣ್ಣಿಮೆ ಅಂತಲೇ ಹೆಸರು.

ಇನ್ನು ಕಟ್ಟೆ. ಕಟ್ಟಿದ್ದು ಕಟ್ಟೆ, ಅಷ್ಟೇ. ನಾಗನಿಗೂ ಕಟ್ಟೆ ಉಂಟು, ಅದರಲ್ಲಿ ತಪ್ಪೇನಿಲ್ಲ. ಅದನ್ನು ನಾಗನಕಟ್ಟೆ ಅಂತ ಕರೆಯಿರಿ. ಕಟ್ಟೆಯನ್ನು ಮೂರು ತಿಂಗಳಲ್ಲಿ ಕಟ್ಟಿ ಮುಗಿಸಬಹುದು. ಬನವನ್ನು ಕಟ್ಟಲು ಬರುವುದಿಲ್ಲ, ಅದು ಬೆಳೆಯಬೇಕು. ‘ನಾಗಬನ ನಿರ್ಮಾಣ’ ಅನ್ನುವ ಮಾತೇ ಕೂಡುವುದಿಲ್ಲ, ಅಲ್ವಾ?

ಇದನ್ನು ಹೇಳಿದಾಗೆಲ್ಲ ಒಂದೇ ಉತ್ತರ ಬರುತ್ತದೆ: ‘ನಾಗನ ಕಲ್ಲು ಇದೆ, ಪೂಜೆ ನಡೆಯುತ್ತದೆ, ಮರ ಇದ್ದರೇನು ಇಲ್ಲದಿದ್ದರೇನು?’ ಇಲ್ಲೇ ಎಡವುವುದು. ಬನದ ಕಟ್ಟುಪಾಡುಗಳನ್ನು ನೆನಪು ಮಾಡಿಕೊಳ್ಳಿ. ಒಳಗೆ ಕತ್ತಿ ಒಯ್ಯಬಾರದು. ಬಿದ್ದ ಒಣ ಕೊಂಬೆಯನ್ನು ಒಲೆಗೆ ತರಬಾರದು. ತರಗೆಲೆ ಗುಡಿಸಬಾರದು. ಹಾಲು, ಎಳನೀರಿನ ತನು ಎರೆಯಲು, ತಂಬಿಲ ಎಂಬ ಪೂಜೆ ಕೊಡಲು ಹೋಗಿ, ಕೈಮುಗಿದು ಬಂದುಬಿಡಬೇಕು. ಕಲ್ಲೊಂದೇ ದೇವರಾಗಿದ್ದರೆ ತರಗೆಲೆಯನ್ನು ಯಾಕೆ ಕಾಯಬೇಕಿತ್ತು? ಬೇರು, ಹುತ್ತ, ಬಳ್ಳಿ, ತೇವ, ನೆರಳು, ಎಲ್ಲವೂ ನಾಗನದೇ ಅಂತ ಹಿರಿಯರು ತಿಳಿದಿದ್ದರು. ಕಲ್ಲು ಅದರ ಗುರುತು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲೂ ಇದೇ ತಿಳಿವಳಿಕೆ. ಪಕ್ಕದ ಕೇರಳದ ಕಾವುಗಳಲ್ಲೂ ಇದೇ.

ಇನ್ನೊಂದು ಪದ ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಬನದ ‘ಜೀರ್ಣೋದ್ಧಾರ’. ಹಳೆಯ ಗುಡಿಯ ಗೋಡೆ ಜೀರ್ಣವಾದರೆ ಎತ್ತಿ ನಿಲ್ಲಿಸಬೇಕು, ಸರಿ. ಬನದಲ್ಲಿ ಎಲೆ ಜೀರ್ಣವಾಗಿ ಮಣ್ಣಾದರೆ ತಾನೇ ಮುಂದಿನ ಗಿಡ ಏಳುವುದು? ಅಲ್ಲಿ ಉದ್ಧಾರ ದಿನವೂ ನಡೆಯುತ್ತಲೇ ಇರುತ್ತದೆ. ನಾವು ಸುಮ್ನೆ ಇದ್ದರೆ ಸಾಕು.

ನಮ್ಮ ಕುಟುಂಬದ ಬನಕ್ಕೂ ಹತ್ತು ವರ್ಷದ ಹಿಂದೆ ಜೀರ್ಣೋದ್ಧಾರ ಆಯಿತು. ರೆಂಜೆ ಮರಗಳಿದ್ದವು, ಒಂದು ದೊಡ್ಡ ಹಾಲೆ ಮರ ಇತ್ತು, ತೋಳು ದಪ್ಪದ ಬಳ್ಳಿಗಳಿದ್ದವು. ಮಧ್ಯಾಹ್ನವೂ ಒಳಗೆ ಮಬ್ಬುಗತ್ತಲು. ಚಿಕ್ಕವರಿದ್ದಾಗ ಅಲ್ಲಿ ಕಾಲಿಟ್ಟರೆ ತಾನಾಗಿಯೇ ದನಿ ತಗ್ಗುತ್ತಿತ್ತು. ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ಅಲ್ಲಿ ಟೈಲ್ಸ್ ಇದೆ. ಏಪ್ರಿಲ್‌ನಲ್ಲಿ ತಂಬಿಲಕ್ಕೆ ಹೋದಾಗ ನೆಲ ಕಾದು ಬರಿಗಾಲಲ್ಲಿ ನಿಲ್ಲಲಾಗದೆ ಚಾಪೆ ಹಾಸಿದ್ದರು. ‘ಈ ನೆಲದ ಮೇಲೆ ಹಾವು ಹೇಗೆ ಹರಿದೀತು ಮಗಾ?’ ಅಂತ ದೊಡ್ಡಮ್ಮ ಕೇಳಿದರು. ನನಗೆ ಉತ್ತರ ಕೊಡಲಾಗಲಿಲ್ಲ.

ಈ ಮಳೆಗಾಲದಲ್ಲಿ ಸುತ್ತಲಿನ ಇಂಟರ್‌ಲಾಕ್ ಎಬ್ಬಿಸಿ ರೆಂಜೆ ಸಸಿ ನೆಡಲು ಮನೆಯವರು ಒಪ್ಪಿದ್ದಾರೆ. ಅವು ಬೆಳೆದು ನೆರಳು ಕೊಡುವವರೆಗೆ ನಮ್ಮದು ನಾಗನಕಟ್ಟೆ. ಮುಂದಿನ ತಂಬಿಲದ ಪತ್ರಿಕೆಯಲ್ಲಿ ಹಾಗೆಂದೇ ಅಚ್ಚು ಹಾಕಿಸುತ್ತೇನೆ.